ಕೊರಿಯಾದ ಸಾಲ ಚಿನ್ನದಿಂದಲೇ ತೀರಿತೇ?

ದಕ್ಷಿಣ ಕೊರಿಯಾದ ಜನ ಒಡವೆಯನ್ನೆಲ್ಲ ದಾನ ಕೊಟ್ಟು ಕೆಲವೇ ದಿನಗಳಲ್ಲಿ ದೇಶದ ಸಾಲ ತೀರಿಸಿಬಿಟ್ಟರು ಅನ್ನೋ ಸಂದೇಶ ವಾಟ್ಸಾಪ್‌ನಲ್ಲಿ ಮತ್ತೆ ಮತ್ತೆ ಬರುತ್ತದೆ. ಓದಿದರೆ ಮನಸ್ಸು ತುಂಬುತ್ತದೆ, ಹಾಗಾಗಿ ಕಳಿಸುವವರದ್ದು ತಪ್ಪು ಅನ್ನಲಾರೆ. ಅರ್ಧ ನಿಜವೂ ಹೌದು.

1997ರ ಕೊನೆಯಲ್ಲಿ ಡಾಲರ್ ಖಾಲಿಯಾಗುತ್ತಾ ಬಂದು ಕೊರಿಯಾ ಹೊರಗಿನಿಂದ ತುರ್ತು ಸಾಲ ಪಡೆಯಿತು. 1998ರ ಜನವರಿಯಲ್ಲಿ ಚಿನ್ನ ಸಂಗ್ರಹ ಶುರುವಾಯಿತು. ಸುಮಾರು 35 ಲಕ್ಷ ಜನ ಸಾಲಿನಲ್ಲಿ ನಿಂತರು. ಮದುವೆಯ ಉಂಗುರ, ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ನೆಂಟರು ಕೊಡುವ ಪುಟ್ಟ ಉಂಗುರ ಎಲ್ಲವೂ ತಕ್ಕಡಿಗೆ ಬಿದ್ದವು. ಆದರೆ ಹೆಚ್ಚಿನದು ದಾನವಲ್ಲ. ತೂಕ ಬರೆದುಕೊಂಡು, ಆಮೇಲೆ ಅವರ ಹಣವಾದ ವೋನ್‌ನಲ್ಲಿ ಬೆಲೆ ಕೊಟ್ಟರು. ದೇಶಕ್ಕೆ ಬೇಕಿದ್ದದ್ದು ಡಾಲರ್. ಅದಕ್ಕೇ ಚಿನ್ನ ಕರಗಿಸಿ ಹೊರಗೆ ಮಾರಿದರು.

ಸಾಲ ತೀರಿತಾ? ಲೆಕ್ಕ ನೀವೇ ಹಾಕಬಹುದು. ಸಿಕ್ಕಿದ್ದು ಸುಮಾರು 227 ಟನ್. ಒಂದು ಟನ್‌ಗೆ ಸುಮಾರು 32,150 ಔನ್ಸ್. ಆಗ ಔನ್ಸ್‌ಗೆ 300 ಡಾಲರ್ ಆಸುಪಾಸು. ಗುಣಿಸಿದರೆ 220 ಕೋಟಿ ಡಾಲರ್ ಹತ್ತಿರ. ಆ ತುರ್ತು ಸಾಲದ ಒಂದು ಮುಖ್ಯ ಭಾಗವೇ, ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಕೊಟ್ಟದ್ದೇ, ಸುಮಾರು 1,950 ಕೋಟಿ ಡಾಲರ್ ಇತ್ತು. ಅದು ಪೂರ್ತಿ ತೀರಿದ್ದು 2001ರ ಆಗಸ್ಟ್‌ನಲ್ಲಿ, ಗಡುವಿಗಿಂತ ಮೂರು ವರ್ಷ ಮೊದಲು.

ಇಂಥ ಸಂದೇಶ ಬಂದಾಗ ಮೊತ್ತ, ವರ್ಷ ಇದೆಯಾ ನೋಡಿ. ಇಲ್ಲದಿದ್ದರೆ ಆ ಕಾಲದ ಪತ್ರಿಕಾ ವರದಿ ಹುಡುಕಿ.

ಕೊರಿಯಾದ ಸಾಲದ ಉಳಿದ ಭಾರ ಹೊತ್ತದ್ದು ರಫ್ತು, ಮುಚ್ಚಿಹೋದ ಕಂಪನಿಗಳು ಮತ್ತು ಕೆಲಸ ಕಳೆದುಕೊಂಡ ಲಕ್ಷಾಂತರ ಜನ. ಫಾರ್ವರ್ಡ್‌ನಲ್ಲಿ ಅವರ ಸುದ್ದಿಯೇ ಇರುವುದಿಲ್ಲ.