ಎಳೆಬಿಸಿಲಿಗೆ ಇಳಿಯದ ಕಾಮಾಲೆ

ನನ್ನ ಅಕ್ಕನ ಮಗಳನ್ನು ನನ್ನ ತಮ್ಮನಿಗೇ ತಂದುಕೊಂಡೆವು. ಅವರ ಚೊಚ್ಚಲ ಮಗುವಿಗೆ ನಾಲ್ಕನೆಯ ದಿನ ಕಣ್ಣು ಹಳದಿಯಾದಾಗ ಆಸ್ಪತ್ರೆಯವರು ನೀಲಿ ಬೆಳಕಿನಡಿ ಎರಡು ದಿನ ಮಲಗಿಸಿ, ‘ಎಲ್ಲ ಮಕ್ಕಳಿಗೂ ಬರುವ ಕಾಮಾಲೆ ಇದು, ಬೆಳಗಿನ ಎಳೆಬಿಸಿಲಿಗೆ ಹಿಡಿಯಿರಿ’ ಎಂದು ಮನೆಗೆ ಕಳುಹಿಸಿದರು. ಮಗು ಕುಡಿದ ಹಾಲನ್ನೆಲ್ಲ ಕಕ್ಕುತ್ತಿತ್ತು, ತೂಕ ಇಳಿಯುತ್ತಿತ್ತು. ಹದಿಮೂರನೆಯ ದಿನ ನಮ್ಮ ಅಮ್ಮ, ಹಳೆಯ ಬಿಳಿ ಪಂಚೆ ಹರಿದು ಮಾಡಿದ್ದ ಮಗುವಿನ ಒದ್ದೆ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ‘ಹಸುಗೂಸಿನ ಉಚ್ಚೆ ನೀರಿನ ಹಾಗಿರಬೇಕು ಕಣೇ, ಇದು ಅರಿಶಿನದ ಕಲೆ ಬಿಟ್ಟಿದೆ’ ಎಂದರು.

ಅಂದೇ ಬೇರೊಂದು ಆಸ್ಪತ್ರೆಗೆ ಓಡಿದೆವು. ಅಲ್ಲಿನ ಮಕ್ಕಳ ವೈದ್ಯರು ಮೂತ್ರಕ್ಕೆ ಗ್ಲೂಕೋಸ್ ಪಟ್ಟಿ ಅದ್ದಿದರು, ಬಣ್ಣ ಬದಲಾಗಲಿಲ್ಲ. ಅದೇ ಮೂತ್ರದ ಕೆಲವು ಹನಿಗಳನ್ನು, ಗ್ಲೂಕೋಸಲ್ಲದೆ ಬೇರೆ ಕೆಲವು ಸಕ್ಕರೆಗಳನ್ನೂ ತೋರಿಸಿಕೊಡುವ ಬೆನೆಡಿಕ್ಟ್ ದ್ರಾವಣಕ್ಕೆ ಹಾಕಿ ಕಾಯಿಸಿದಾಗ ನೀಲಿಯಾಗಿದ್ದದ್ದು ನೋಡನೋಡುತ್ತಲೇ ಇಟ್ಟಿಗೆ ಕೆಂಪಿಗೆ ತಿರುಗಿತು. ಸಕ್ಕರೆಯಿದೆ, ಆದರೆ ಅದು ಗ್ಲೂಕೋಸ್ ಅಲ್ಲ. ಕಿಣ್ವದ ಪರೀಕ್ಷೆಗೆ ಬೇಕಾದ ರಕ್ತವನ್ನು, ಮಗುವಿಗೆ ಬೇರೆಯವರ ರಕ್ತ ಕೊಡುವ ಮೊದಲೇ ತೆಗೆದಿಟ್ಟುಕೊಂಡು, ವರದಿಗೆ ಕಾಯದೆ ತಾಯಿಯ ಹಾಲನ್ನೂ ನಿಲ್ಲಿಸಿಬಿಟ್ಟರು.

ಗ್ಯಾಲಕ್ಟೊಸೀಮಿಯ ಎಂಬ ಈ ಕಾಯಿಲೆಯಲ್ಲಿ, ಹಾಲಿನ ಲ್ಯಾಕ್ಟೋಸ್ ಒಡೆದಾಗ ಸಿಗುವ ಗ್ಯಾಲಕ್ಟೋಸನ್ನು ಬಳಸಿಕೊಳ್ಳಲು ಬೇಕಾದ ಗ್ಯಾಲ್ಟ್ ಎಂಬ ಕಿಣ್ವ ಕೆಲಸ ಮಾಡುವುದಿಲ್ಲ. ಅರ್ಧಕ್ಕೇ ನಿಂತ ವಸ್ತು ಯಕೃತ್ತಿನಲ್ಲಿ ಸೇರಿ ಅದನ್ನು ಕೆಡಿಸುತ್ತದೆ, ಕಣ್ಣಿಗೆ ಪೊರೆ ತರುತ್ತದೆ, ಇ. ಕೋಲಿ ಎಂಬ ಬ್ಯಾಕ್ಟೀರಿಯದ ಸೋಂಕು ರಕ್ತಕ್ಕೇರುವ ಅಪಾಯವೂ ಇರುತ್ತದೆ. ಸೋಯಾ ಪುಡಿಯ ಹಾಲಿಗೆ ಬದಲಾಯಿಸಿದ ಕೆಲವೇ ದಿನಗಳಲ್ಲಿ ನಮ್ಮ ಮಗುವಿನ ಕಣ್ಣು ತಿಳಿಯಾಯಿತು. ಹಾಗೆಂದು ಎಲ್ಲವೂ ಸರಿಹೋಗುವುದಿಲ್ಲ: ಪಥ್ಯ ಎಷ್ಟೇ ಕಟ್ಟುನಿಟ್ಟಾಗಿದ್ದರೂ ಮಾತು ತಡವಾಗಬಹುದು, ಹೆಣ್ಣುಮಕ್ಕಳಲ್ಲಿ ಅಂಡಾಶಯ ಸೋಲಬಹುದು. ದೇವಸ್ಥಾನದಲ್ಲಿ ಪ್ರೀತಿಯಿಂದ ಕೊಡುವ ಪಂಚಾಮೃತಕ್ಕೂ, ಮಾತ್ರೆಗಳಲ್ಲಿ ಸೇರಿರುವ ಲ್ಯಾಕ್ಟೋಸಿಗೂ ನಾವಿಂದು ಹೆದರುತ್ತೇವೆ.

ನನಗೆ ಇಂದಿಗೂ ಸಂಕಟವಾಗುವುದು ಆ ಎರಡು ವಾರಗಳಲ್ಲಿ ನೆಂಟರು ಬಾಣಂತಿಗೆ ಆಡಿದ ಮಾತುಗಳಿಂದ. ಅವಳ ಹಾಲು ಕೆಟ್ಟಿದೆ ಎಂದರು, ಪಥ್ಯ ತಪ್ಪಿದ್ದಾಳೆ ಎಂದರು. ಅವಳ ಹಾಲಿನಲ್ಲಿ ಯಾವ ದೋಷವೂ ಇರಲಿಲ್ಲ. ತಂದೆ ತಾಯಿ ಇಬ್ಬರಿಂದಲೂ ಆ ಕಿಣ್ವದ ಜೀನಿನ ಒಂದೊಂದು ಕೆಟ್ಟ ಪ್ರತಿ ಬಂದರೆ ಮಾತ್ರ ಈ ಕಾಯಿಲೆ; ಇಬ್ಬರೂ ಆರೋಗ್ಯವಾಗಿಯೇ ಇರುತ್ತಾರೆ, ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಒಂದೇ ಅಜ್ಜ ಅಜ್ಜಿಯ ಕಡೆಯಿಂದ ಅದೇ ಪ್ರತಿ ಎರಡು ದಾರಿಯಲ್ಲಿ ಇಳಿದು ಬರಲು ಸೋದರಮಾವನ ಸಂಬಂಧ ದಾರಿ ಮಾಡಿಕೊಡುತ್ತದೆ. ಆ ಸಂಬಂಧ ಕುದುರಿಸಿದವರಲ್ಲಿ ನಾನೂ ಒಬ್ಬಳು. 1980ರ ದಶಕದಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ಅಧ್ಯಯನ ನಡೆದಾಗ ಸುಮಾರು ಮೂರನೇ ಒಂದು ಭಾಗದಷ್ಟು ಮಕ್ಕಳ ತಂದೆತಾಯಿ ರಕ್ತಸಂಬಂಧಿಗಳಾಗಿದ್ದರು. ಇಂತಹ ನಾಡಿನಲ್ಲಿ ಇವನ್ನು ದೂರದ ಕಾಯಿಲೆಗಳೆಂದು ತಳ್ಳಿಹಾಕುವಂತಿಲ್ಲ.

ಪ್ರೋಟೀನಿನಲ್ಲಿರುವ ಟೈರೋಸಿನ್ ಎಂಬ ಅಂಶ ಪೂರ್ತಿ ಒಡೆಯದೆ ಯಕೃತ್ತನ್ನು ಕೆಡಿಸುವ ಟೈರೋಸಿನೀಮಿಯವೂ ಇದೇ ಬಗೆಯದು. ಕಳೆನಾಶಕದ ಸಂಶೋಧನೆಯಿಂದ ಹೊರಬಂದ ನಿಟಿಸಿನೋನ್ ಎಂಬ ಔಷಧ 1992ರಿಂದೀಚೆಗೆ ಆ ಮಕ್ಕಳ ಯಕೃತ್ತನ್ನು ಉಳಿಸುತ್ತಿದೆ, ಆದರೆ ಬೇಗ ಶುರುಮಾಡಬೇಕು. ಆದ್ದರಿಂದ ಹದಿನಾಲ್ಕು ದಿನ ದಾಟಿಯೂ ಕಾಮಾಲೆ ಇಳಿಯದಿದ್ದರೆ, ಮೂತ್ರ ಬಟ್ಟೆಗೆ ಕಲೆ ಮಾಡಿದರೆ, ಮಲ ಸುಣ್ಣದಂತೆ ಬಿಳಿಚಿದ್ದರೆ, ‘ಡೈರೆಕ್ಟ್ ಬಿಲಿರುಬಿನ್ ನೋಡಿದ್ದೀರಾ?’ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ. ಯಕೃತ್ತಿನಿಂದ ಪಿತ್ತದ ಜೊತೆ ಹೊರಹೋಗದೆ ರಕ್ತದಲ್ಲಿ ಉಳಿದ ಹಳದಿ ವಸ್ತುವಿನ ಅಳತೆ ಅದು. ಬಿಸಿಲಿನ ಉಪಚಾರ ಅಂತಹ ಕಾಮಾಲೆಗೆ ನಾಟುವುದಿಲ್ಲ.

2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿ ಚಿಕಿತ್ಸೆಯ ನೆರವನ್ನು ಮರುವರ್ಷ 50 ಲಕ್ಷ ರೂಪಾಯಿಯವರೆಗೆ ಏರಿಸಿತು. ಅದು ದೊಡ್ಡ ಉಪಕಾರವೇ. ಆದರೆ ಕಾಯಿಲೆ ಪತ್ತೆಯಾದ ಮೇಲಿನ ಮಾತು ಅದು. ಹಿಮ್ಮಡಿಗೆ ಚುಚ್ಚಿ ಕಾರ್ಡಿನ ಮೇಲೆ ಕೆಲವು ಹನಿ ರಕ್ತ ಒಣಗಿಸಿ ನೋಡುವ ಪರೀಕ್ಷೆ ಪ್ರತಿ ಸರ್ಕಾರಿ ಹೆರಿಗೆ ವಾರ್ಡಿನಲ್ಲೂ ಆಗಬೇಕು, ವರದಿಯೂ ವಾರದೊಳಗೆ ಬರಬೇಕು, ಏಕೆಂದರೆ ಗ್ಯಾಲಕ್ಟೊಸೀಮಿಯ ಎರಡನೆಯ ವಾರಕ್ಕೆ ಕಾಯುವುದಿಲ್ಲ. ನಮ್ಮ ಮಗುವಿಗೆ ಅಂತಹ ಒಂದು ಕಾರ್ಡು ಇದ್ದಿದ್ದರೆ ಏಳನೆಯ ದಿನಕ್ಕೇ ಹಾಲು ನಿಲ್ಲುತ್ತಿತ್ತು. ಅಲ್ಲಿಂದ ಮುಂದಿನ ಆರು ದಿನವೂ ನಾನು ಜಗಲಿಯಲ್ಲಿ ಕುಳಿತು ಅವನನ್ನು ಬಿಸಿಲಿಗೆ ಹಿಡಿದಿದ್ದೆ.