ಸತ್ಯಾಂಶ: ಐಎಸ್‌ಒ 14001 ತೋಟದ ದ್ರಾಕ್ಷಿಗೆ ಔಷಧಿಯನ್ನೇ ಹೊಡೆಯುವುದಿಲ್ಲವೇ?

"ಐಎಸ್‌ಒ 14001 ಸರ್ಟಿಫಿಕೇಟ್ ಇರುವ ತೋಟದ ದ್ರಾಕ್ಷಿಗೆ ಔಷಧಿ ಹೊಡೆದಿರುವುದಿಲ್ಲ, ತೊಳೆಯದೆ ತಿನ್ನಿ." ಕೊಪ್ಪಳದ ನಮ್ಮ ವಾಟ್ಸಾಪ್ ಗುಂಪಿಗೆ ಬಂದ ಫಾರ್ವರ್ಡ್ ಇದು. ದಯವಿಟ್ಟು ನಂಬಬೇಡಿ.

1996ರಲ್ಲಿ ಮೊದಲು ಬಂದ, ಪರಿಸರ ನಿರ್ವಹಣೆಗೆ ಸಂಬಂಧಿಸಿದ ಈ ಅಂತರರಾಷ್ಟ್ರೀಯ ಮಾನದಂಡ ಹಣ್ಣನ್ನು ಪರೀಕ್ಷೆ ಮಾಡುವುದೇ ಇಲ್ಲ. ಅದು ನೋಡುವುದು ತೋಟ ನಡೆಸುವ ರೀತಿಯನ್ನು. ಪಂಪ್ ತೊಳೆದ ನೀರು ಹಳ್ಳಕ್ಕೆ ಹೋಗುತ್ತಿದೆಯಾ? ಔಷಧಿಯ ಖಾಲಿ ಡಬ್ಬಿ ಬದುವಿನ ಮೇಲೆ ಬಿದ್ದಿದೆಯಾ? ಬೋರ್‌ವೆಲ್ ನೀರು ಎಷ್ಟು ಖರ್ಚಾಗುತ್ತಿದೆ? ಇದನ್ನೆಲ್ಲ ಬೆಳೆಗಾರರೇ ಗುರುತಿಸಿ, ಗುರಿ ಇಟ್ಟುಕೊಂಡು, ಬರೆದಿಡಬೇಕು. ತಪ್ಪಾದಲ್ಲಿ ತಿದ್ದಬೇಕು. ವೈನ್ ದ್ರಾಕ್ಷಿಗೂ ಇದೇ ಮಾತು.

ಔಷಧಿ ಹೊಡೆಯಲೇಬಾರದು ಅಂತ ಅದರಲ್ಲಿ ಎಲ್ಲೂ ಇಲ್ಲ. ಮಳೆ, ಮೋಡ ಇದ್ದಾಗ ಬಳ್ಳಿಗೆ ಬೂಜು ರೋಗ ಬೇಗ ಹತ್ತುತ್ತದೆ. ಏನೂ ಹೊಡೆಯದೆ ಬೆಳೆ ಉಳಿಸುವುದು ಕಷ್ಟ ಅಲ್ವಾ? ಹೊಡೆದ ಮೇಲೆ ಲೇಬಲ್‌ನಲ್ಲಿ ಹೇಳಿದಷ್ಟು ದಿನ ಕಾದು ಕೊಯ್ಯುವುದು ಮುಖ್ಯ.

ಹಣ್ಣಿನಲ್ಲಿ ಔಷಧಿ ಎಷ್ಟು ಉಳಿದಿರಬಹುದು ಎಂಬ ಮಿತಿಯನ್ನು ನಮ್ಮ ದೇಶದಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಹಾಕುತ್ತದೆ. ಸಾವಯವಕ್ಕೆ ಬೇರೆಯೇ ಸರ್ಟಿಫಿಕೇಟ್ ಇದೆ. ಹಾಗಂತ 14001 ಸುಮ್ನೆ ಕಾಗದವಲ್ಲ. ಸರಿಯಾಗಿ ಪಾಲಿಸಿದರೆ ಹಳ್ಳದ ನೀರು ಕುಡಿಯುವ ದನಕರುಗಳಿಗೆ ನಿಜಕ್ಕೂ ಒಳ್ಳೆಯದು. ದ್ರಾಕ್ಷಿಯನ್ನು ಮಾತ್ರ ತೊಳೆದೇ ತಿನ್ನಿ.