ಲ್ಯಾಕ್ಸ್‌ಟನ್ನಿನಲ್ಲಿ ಚಿಕ್ಕಪ್ಪನ ಹದ್ದುಬಸ್ತು

ಇಂಗ್ಲೆಂಡಿನ ಹಳ್ಳಿ ಎಂದೊಡನೆ ನಮ್ಮವರ ಕಣ್ಣೆದುರು ಬರುವುದು ಬಿಸ್ಕತ್ತಿನ ಡಬ್ಬದ ಮೇಲಿನ ಚಿತ್ರ. ಹುಲ್ಲು ಹೊದಿಸಿದ ಮನೆ, ಗೋಡೆಗೆ ಹಬ್ಬಿದ ಗುಲಾಬಿ, ಮುಂದೊಂದು ಕೊಳ, ಕೊಳದಲ್ಲಿ ಬಾತುಕೋಳಿ. ಜನ ಮಾತ್ರ ಇರುವುದಿಲ್ಲ. ಜನರನ್ನು ಸೇರಿಸಿದರೆ ಜಗಳವನ್ನೂ ಸೇರಿಸಬೇಕಾಗುತ್ತದೆ. ಅದಕ್ಕೆ ಡಬ್ಬದ ಮೇಲೆ ಜಾಗ ಸಾಲುವುದಿಲ್ಲ.

ನಮ್ಮ ಚಿಕ್ಕಪ್ಪನವರಿಗೆ ಆ ಡಬ್ಬದ ಮೇಲೆ ಮೊದಲಿನಿಂದಲೂ ನಂಬಿಕೆ ಇರಲಿಲ್ಲ. ಅವರು ಚನ್ನರಾಯಪಟ್ಟಣದ ಕಡೆಯ ರೈತರು. ಚಿಕ್ಕಮ್ಮನೊಂದಿಗೆ ನಾಟಿಂಗ್‌ಹ್ಯಾಮ್‌ನ ನಮ್ಮ ಮನೆಗೆ ಬೇಸಿಗೆ ಕಳೆಯಲು ಬಂದಾಗ ಲಂಡನ್ ತೋರಿಸಿದೆವು. ಟವರ್ ಬ್ರಿಡ್ಜ್ ನೋಡಿ ‘ಸೇತುವೆ ಗಟ್ಟಿ ಇದೆ’ ಎಂದರು. ಅರಮನೆ ನೋಡಿ ‘ನಮ್ಮ ಮೈಸೂರಿನದೇ ವಾಸಿ’ ಎಂದರು. ವಾಪಸು ಬರುವಾಗ ರೈಲಿನ ಕಿಟಕಿಯಲ್ಲಿ ಗೋಧಿ ಹೊಲ ಕಂಡದ್ದೇ ತಡ, ಎದ್ದು ನಿಂತು ‘ಇದರ ಬದು ಎಲ್ಲಿ?’ ಎಂದು ಕೇಳಿದರು.

ಬದು ಎಂದರೆ ಚಿಕ್ಕಪ್ಪನವರ ಜೀವನದ ಮುಖ್ಯ ಅಧ್ಯಾಯ. ಪಕ್ಕದ ಹೊಲದವರು ಪ್ರತಿ ಮುಂಗಾರಿಗೂ ಒಂದು ಸಾಲು ಈಚೆಗೆ ಉಳುತ್ತಾರೆ ಎಂಬುದು ಇವರ ಅಹವಾಲು. ಇವರು ಒಂದು ಸಾಲು ಆಚೆಗೆ ಉಳುತ್ತಾರೆ ಎಂಬುದು ಅವರ ಅಹವಾಲು. ನಡುವೆ ಇದ್ದ ಬದು ಸವೆದು ಸವೆದು ಈಗ ಒಂದು ಅಭಿಪ್ರಾಯವಾಗಿ ಮಾತ್ರ ಉಳಿದಿದೆ. ಹದ್ದುಬಸ್ತಿಗೆ ಅರ್ಜಿ ಹಾಕಿ, ಸರ್ವೆಯವರು ಬಂದು ಅಳೆದು, ಬಾಂದು ಕಲ್ಲು ನೆಟ್ಟು ಹೋದರೆ, ಮಳೆಗಾಲ ಮುಗಿಯುವಷ್ಟರಲ್ಲಿ ಆ ಕಲ್ಲು ತಾನಾಗಿ ನಡೆದುಕೊಂಡು ಬೇರೆ ಕಡೆ ಹೋಗಿರುತ್ತದೆ. ಇಂಥವರಿಗೆ ಇಂಗ್ಲೆಂಡಿನಲ್ಲಿ ತೋರಿಸಲು ಯೋಗ್ಯವಾದ ಊರು ಒಂದೇ ಒಂದು ಇದೆ. ಅದು ನಮ್ಮ ಜಿಲ್ಲೆಯಲ್ಲೇ ಇರುವ ಲ್ಯಾಕ್ಸ್‌ಟನ್.

ಹೊರಟದ್ದು ಸುಸೂತ್ರವಾಗಿಯೇ. ಹೆದ್ದಾರಿ ಬಿಟ್ಟು ಹಳ್ಳಿಯ ದಾರಿ ಹಿಡಿದ ಮೇಲೆ, ಎರಡೂ ಕಡೆ ಆಳೆತ್ತರದ ಬೇಲಿ, ನಡುವೆ ಒಂದು ಕಾರು ಉಸಿರು ಹಿಡಿದು ಹೋಗುವಷ್ಟೇ ರಸ್ತೆ. ತಿರುವಿನಲ್ಲಿ ಹುಲ್ಲಿನ ಹೊರೆ ಎಳೆಯುತ್ತಿದ್ದ ಟ್ರ್ಯಾಕ್ಟರ್ ಎದುರಾಯಿತು. ಇಂಥಲ್ಲಿ ಕಾರಿನವರು ಹಿಂದೆ ಹೋಗುವುದು ಇಲ್ಲಿನ ಅಲಿಖಿತ ನಿಯಮ. ನಾನು ರಿವರ್ಸ್ ಹಾಕುವ ಮೊದಲೇ ಚಿಕ್ಕಪ್ಪ ಇಳಿದು ಟ್ರ್ಯಾಕ್ಟರಿನ ಹಿಂದಕ್ಕೆ ಹೋಗಿ, ಕೈ ಬೀಸುತ್ತಾ ‘ಬರಲಿ, ಬರಲಿ, ಇನ್ನೂ ಬರಲಿ’ ಎಂದು ಶುರು ಮಾಡಿದರು. ಆ ದನಿಯಲ್ಲಿ ಏನಿತ್ತೋ, ಕನ್ನಡದ ಒಂದಕ್ಷರ ತಿಳಿಯದ ಟ್ರ್ಯಾಕ್ಟರಿನವನು ವಿಧೇಯನಾಗಿ ಹಿಂದಕ್ಕೆ ಹೋಗತೊಡಗಿದ. ಗೇಟಿನ ಬಳಿ ಅವನನ್ನು ಒಂದು ಬದಿಗೆ ನಿಲ್ಲಿಸಿ, ಟ್ರೇಲರಿನ ಹಲಗೆಯನ್ನು ಎರಡು ಸಲ ತಟ್ಟಿ, ನನಗೆ ‘ರೈಟ್’ ಎಂದರು. ಟ್ರ್ಯಾಕ್ಟರಿನವನು ಟೋಪಿ ಮುಟ್ಟಿ ನಮಸ್ಕಾರ ಮಾಡಿದ. ಚಾಲನಾ ಪರೀಕ್ಷೆಗೆ ನನಗೆ ಹೇಳಿಕೊಟ್ಟ ಪಾಠಗಳಲ್ಲಿ ಈ ವಿಧಾನ ಇರಲಿಲ್ಲ.

ದಾರಿಯ ಇನ್ನೊಂದು ಹಳ್ಳಿಯಲ್ಲಿ ಒಂದು ಮನೆಯ ಮುಂದೆ ಮೇಜು ಇಟ್ಟು, ಅದರ ಮೇಲೆ ರೂಬಾರ್ಬ್ ದಂಟಿನ ಕಟ್ಟುಗಳನ್ನೂ ದುಡ್ಡು ಹಾಕಲು ಒಂದು ಡಬ್ಬವನ್ನೂ ಇಟ್ಟಿದ್ದರು. ಮಾರುವವರು ಇಲ್ಲ, ಬೆಲೆ ನೋಡಿ ನಾಣ್ಯ ಹಾಕಿ ತೆಗೆದುಕೊಂಡು ಹೋಗಬೇಕು. ಚಿಕ್ಕಮ್ಮ ಬಹಳ ಹೊತ್ತು ಬಾಗಿಲ ಕಡೆ ನೋಡುತ್ತಾ ನಿಂತರು. ‘ಎರಡು ಕಟ್ಟಿಗೆ ಏನು ಕೊಡುತ್ತೀರಿ ಎಂದು ಕೇಳುವುದು ಯಾರನ್ನು?’ ಎಂಬುದು ಅವರ ಸಂಕಟ. ಚೌಕಾಶಿ ಇಲ್ಲದೆ ಕೊಂಡ ತರಕಾರಿಗೆ ರುಚಿ ಬರುವುದಿಲ್ಲ ಎಂದು ಹೇಳಿಯೇ ಕೊಂಡರು. ಸಂಜೆ ಅದನ್ನು ದಂಟಿನ ಸೊಪ್ಪಿನ ಹಾಗೆ ಹುಳಿ ಮಾಡಿ, ಅಭ್ಯಾಸಬಲದಿಂದ ಹುಣಸೆಹಣ್ಣನ್ನೂ ಕಿವುಚಿ ಹಾಕಿದರು. ರೂಬಾರ್ಬ್ ಸ್ವತಃ ಹುಣಸೆಹಣ್ಣಿನ ಅಣ್ಣ. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಹೆಚ್ಚು ಮಾತನಾಡಲಿಲ್ಲ.

ಲ್ಯಾಕ್ಸ್‌ಟನ್ ಮೊದಲ ನೋಟಕ್ಕೆ ಡಬ್ಬದ ಮೇಲಿನ ಊರಲ್ಲ. ಬೀದಿಯ ಉದ್ದಕ್ಕೂ ಕೆಂಪು ಇಟ್ಟಿಗೆಯ ರೈತರ ಮನೆಗಳು, ಕೊಟ್ಟಿಗೆಗಳು, ಒಂದು ಹಳೆಯ ಚರ್ಚು, ಒಂದು ಪಬ್ಬು, ಊರಿನ ಉತ್ತರಕ್ಕೆ ನಾರ್ಮನ್ನರ ಕೋಟೆ ಇದ್ದ ಮಣ್ಣಿನ ದಿಬ್ಬ. ಇಂಗ್ಲೆಂಡಿನ ಬೇರೆ ಕಡೆ ರೈತರ ಮನೆಗಳು ಅವರವರ ಹೊಲದ ನಡುವೆ ಒಂಟಿಯಾಗಿ ನಿಂತಿರುವುದು ಸಾಮಾನ್ಯ. ಇಲ್ಲಿ ಎಲ್ಲರೂ ಊರೊಳಗೆ ಸಾಲಾಗಿ ಇದ್ದಾರೆ. ಹೊಲಗಳು ಊರ ಹೊರಗೆ. ‘ಇದು ಊರು’ ಎಂದರು ಚಿಕ್ಕಪ್ಪ. ದನ ಕೂಡಿಹಾಕುವ ದೊಡ್ಡಿ ಕಂಡಾಗ ಅವರ ನಡಿಗೆಯೇ ಬದಲಾಯಿತು. ಹಿಂದೆ ತಪ್ಪಿಸಿಕೊಂಡು ಪೈರಿಗೆ ಬಾಯಿ ಹಾಕಿದ ದನಕುರಿಗಳನ್ನು ಇಲ್ಲಿ ಕೂಡಿಹಾಕಿ, ದಂಡ ಕಟ್ಟಿಸಿಕೊಂಡು ಬಿಡುತ್ತಿದ್ದರು. ದಂಡ ಎಷ್ಟಿತ್ತು, ಒಂದು ಎಮ್ಮೆಗೂ ಒಂದು ಕುರಿಗೂ ಒಂದೇ ದರವೇ ಎಂದು ಚಿಕ್ಕಪ್ಪ ವಿಚಾರಿಸಿದರು. ಎಮ್ಮೆಯ ದರ ನಿಗದಿಯಾಗಿರಲಾರದು ಎಂದೆ.

ಈ ಊರಿನ ಹೆಚ್ಚುಗಾರಿಕೆ ಹೊಲಗಳಲ್ಲಿದೆ. ಒಂದು ಕಾಲದಲ್ಲಿ ಮಧ್ಯ ಇಂಗ್ಲೆಂಡಿನ ಬಹುಪಾಲು ಹಳ್ಳಿಗಳಲ್ಲಿ ಬೇಲಿಯೇ ಇರಲಿಲ್ಲ. ಊರಿಗೆಲ್ಲ ಸೇರಿ ಎರಡೋ ಮೂರೋ ವಿಶಾಲ ಬಯಲು. ಅದರಲ್ಲಿ ಪ್ರತಿ ರೈತನಿಗೂ ಅಲ್ಲೊಂದು ಇಲ್ಲೊಂದು ಉದ್ದನೆಯ ಪಟ್ಟಿ. ಒಳ್ಳೆಯ ನೆಲ ಒಬ್ಬನಿಗೇ, ಜೌಗು ಇನ್ನೊಬ್ಬನಿಗೇ ಹೋಗದಂತೆ ಹಂಚಿದ ಲೆಕ್ಕ ಅದು. ನಮ್ಮಲ್ಲಿ ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗ ಕೆರೆ ಕೆಳಗೊಂದು ತುಂಡು, ದಿನ್ನೆಯ ಮೇಲೊಂದು ತುಂಡು ಎನ್ನುವುದಿಲ್ಲವೇ, ಅದೇ ನ್ಯಾಯ. ಆಮೇಲೆ, ಮುಖ್ಯವಾಗಿ 18 ಮತ್ತು 19ನೆಯ ಶತಮಾನಗಳಲ್ಲಿ, ಸಾವಿರಾರು ಕಾಯ್ದೆಗಳನ್ನು ಪಾಸು ಮಾಡಿಸಿಕೊಂಡು ಜಮೀನ್ದಾರರು ಬಯಲನ್ನೆಲ್ಲ ತುಂಡು ಮಾಡಿ ಬೇಲಿ ಹಾಕಿಸಿದರು. ಬಯಲಿನಲ್ಲಿ ಮೇಯಿಸುವ ಸಣ್ಣಪುಟ್ಟ ಹಕ್ಕಿನ ಮೇಲೆ ಒಂದು ಹಸು ಕಟ್ಟಿಕೊಂಡಿದ್ದ ಬಡವರು ಹಸುವನ್ನೂ ಹಕ್ಕನ್ನೂ ಕಳೆದುಕೊಂಡರು. ನಾವು ಬಂದು ‘ಆಹಾ, ಎಷ್ಟು ಚೆಂದ’ ಎಂದು ಫೋಟೋ ತೆಗೆಯುವ ಹಸಿರು ಬೇಲಿಗಳಲ್ಲಿ ಬಹಳಷ್ಟು ಆ ಕಾಲದವು. ಈ ವಿಷಯ ತಿಳಿದ ಮೇಲೆ ನನಗೆ ಆ ಬೇಲಿಗಳ ಸೌಂದರ್ಯ ಸ್ವಲ್ಪ ಕಡಿಮೆಯಾಗಿ ಕಾಣುತ್ತದೆ. ಅದರಲ್ಲಿ ಕಾರಿನ ಬಣ್ಣ ಕೆರೆದ ಸಿಟ್ಟೂ ಸೇರಿರಬಹುದು.

ಲ್ಯಾಕ್ಸ್‌ಟನ್ ಹಾಗಾಗದೆ ಉಳಿದುಕೊಂಡಿತು. ಮಿಲ್ ಫೀಲ್ಡ್, ಸೌತ್ ಫೀಲ್ಡ್, ವೆಸ್ಟ್ ಫೀಲ್ಡ್ ಎಂಬ ಮೂರು ಬಯಲುಗಳಲ್ಲಿ ಇಂದಿಗೂ ಪಟ್ಟಿ ಬೇಸಾಯ ನಡೆದಿದೆ. ಒಂದು ವರ್ಷ ಚಳಿಗಾಲದ ಗೋಧಿ, ಮರುವರ್ಷ ವಸಂತದ ಬೆಳೆ, ಮೂರನೆಯ ವರ್ಷ ನೆಲಕ್ಕೆ ವಿಶ್ರಾಂತಿ. 1635ರಲ್ಲಿ ಮಾರ್ಕ್ ಪಿಯರ್ಸ್ ಎಂಬ ಸರ್ವೆಯವನು ಈ ಊರಿನ ಪಟ್ಟಿಪಟ್ಟಿಯನ್ನೂ ಅಳೆದು ನಕ್ಷೆ ಬರೆದ. ಆಗ ಮೈಸೂರಿನಲ್ಲಿ ರಣಧೀರ ಕಂಠೀರವ ಇನ್ನೂ ಪಟ್ಟಕ್ಕೆ ಬಂದಿರಲಿಲ್ಲ. ಆ ನಕ್ಷೆ ಈಗ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿ ಭದ್ರವಾಗಿದೆ ಎಂದಾಗ ಚಿಕ್ಕಪ್ಪನವರ ಕಣ್ಣಲ್ಲಿ ನೀರಾಡಿತು. ಅವರ ಜಮೀನಿನ ನಕ್ಷೆ ತಾಲ್ಲೂಕು ಕಚೇರಿಯ ಯಾವ ಕಪಾಟಿನಲ್ಲಿದೆ ಎಂಬುದೇ ಒಂದು ಪ್ರತ್ಯೇಕ ವ್ಯಾಜ್ಯ.

‘ಎಲ್ಲ ಊರಿಗೂ ಬೇಲಿ ಬಂದಾಗ ಇದೊಂದಕ್ಕೆ ಯಾಕೆ ಬರಲಿಲ್ಲ?’

ಕಾರಣಗಳು ಹಲವು, ಖರ್ಚೂ ಒಂದು. ಆದರೆ ಹೆಚ್ಚಾಗಿ ಹೇಳುವ ಕಾರಣವೆಂದರೆ, ಇಲ್ಲಿ ಜಮೀನು ಹೊಂದಿದ್ದ ಇಬ್ಬರು ದೊಡ್ಡ ಕುಳಗಳು, ಮ್ಯಾನ್ವರ್ಸ್ ಮತ್ತು ಸ್ಕಾರ್ಬರೋ ಎಂಬ, ಅರ್ಲ್ ಪದವಿಯ ಶ್ರೀಮಂತರು, ಒಬ್ಬರಿಗೊಬ್ಬರು ಒಪ್ಪಲಿಲ್ಲವಂತೆ. ಇದನ್ನು ಕೇಳಿ ಚಿಕ್ಕಪ್ಪ ಚಿಕ್ಕಮ್ಮನ ಕಡೆ ತಿರುಗಿ, ‘ಕೇಳಿದೆಯಾ? ಜಗಳ ಆಡಿದ್ದಕ್ಕೇ ಊರು ಉಳಿಯಿತು. ನೀನು ನನಗೆ ರಾಜಿ ಆಗಿ ರಾಜಿ ಆಗಿ ಎನ್ನುತ್ತೀಯೆ’ ಎಂದರು. ಚಿಕ್ಕಮ್ಮ ಆಗ ಚರ್ಚಿನ ಬಾಗಿಲಲ್ಲಿ, ಯಾವ ವಾರ ಹೂ ಜೋಡಿಸುವ ಸರದಿ ಯಾರದು ಎಂಬ ಪಟ್ಟಿಯನ್ನು ಓದಿಸಿಕೊಳ್ಳುತ್ತಿದ್ದರು. ಒಂದು ಹೆಸರು ಹೊಡೆದುಹಾಕಿ ಇನ್ನೊಂದು ಬರೆದಿತ್ತು. ‘ಇಲ್ಲೇನೋ ನಡೆದಿದೆ’ ಎಂದರು. ಅವರ ಅನುಭವ ದೇವಸ್ಥಾನದ ಸಮಿತಿಯದು, ತಪ್ಪಾಗಿರಲಾರದು.

ಹೊಲಕ್ಕೆ ಹೋಗುವ ಕಾಲುದಾರಿಯಲ್ಲಿ ನಮ್ಮ ಪ್ರಯಾಣ ನಿಧಾನವಾಯಿತು. ಒಬ್ಬರೇ ತೂರಬಹುದಾದ, ದನ ನುಗ್ಗದ ತಿರುಗು ಗೇಟಿನಲ್ಲಿ ಚಿಕ್ಕಪ್ಪ ಕೊಡೆ, ಹೆಗಲಚೀಲ, ಬುತ್ತಿಯ ಡಬ್ಬಿ ಸಮೇತ ಪ್ರವೇಶಿಸಿ ನಡುವೆ ನಿಂತುಬಿಟ್ಟರು. ಮುಂದೆ ಹೋಗಲು ಕೊಡೆ ಬಿಡದು, ಹಿಂದೆ ಬರಲು ಚೀಲ ಬಿಡದು. ಡಬ್ಬಿಯನ್ನು ಆಚೆ ಇಳಿಸಿ, ಕೊಡೆಯನ್ನು ಮೇಲಿನಿಂದ ಎಳೆದು, ಕೊನೆಗೆ ಅವರನ್ನು ಬಿಡಿಸಿದೆವು. ರಾತ್ರಿ ಮಳೆ ಬಿದ್ದಿತ್ತು. ಇಲ್ಲಿನದು ಕೆಂಪು ಜೇಡಿ ಮಣ್ಣು. ಹಿಡಿದರೆ ಬಿಡುವ ಜಾತಿಯದಲ್ಲ. ಹತ್ತು ಹೆಜ್ಜೆಗೆ ನನ್ನ ಶೂಗಳು ಎರಡೆರಡು ಕೆಜಿ ತೂಗತೊಡಗಿದವು. ಚಿಕ್ಕಮ್ಮನ ಚಪ್ಪಲಿಯಲ್ಲಿ ಒಂದು ಅಲ್ಲೇ ಉಳಿಯಿತು. ಚಿಕ್ಕಪ್ಪ ಬಗ್ಗಿ ಚಪ್ಪಲಿಯ ಬದಲು ಮಣ್ಣನ್ನು ಎತ್ತಿ ಬೆರಳಲ್ಲಿ ತಿಕ್ಕಿ, ‘ಭತ್ತಕ್ಕೆ ಆಗುತ್ತದೆ’ ಎಂದರು.

ಬೆಳೆದು ನಿಂತ ಗೋಧಿಯ ನಡುವೆ ದಾರಿ ಹೋಗುತ್ತಿತ್ತು. ಅನ್ಯರ ಪೈರು ತುಳಿಯಲಾರೆ ಎಂದು ಚಿಕ್ಕಪ್ಪ ಹಟ ಹಿಡಿದರು. ಇದು ಸಾರ್ವಜನಿಕ ಕಾಲುದಾರಿ, 20 ವರ್ಷ ಜನ ಅಡ್ಡಿಯಿಲ್ಲದೆ ಓಡಾಡಿದರೆ ಇಲ್ಲಿ ಅದು ದಾರಿಯ ಹಕ್ಕೇ ಆಗಬಹುದು ಎಂದು ವಿವರಿಸಿದೆ. ‘ನಮ್ಮಲ್ಲೂ 20 ವರ್ಷವೇ, 1882ರ ಕಾಯ್ದೆ’ ಎಂದು ಅವರು ತಟ್ಟನೆ ಹೇಳಿದರು. ವಕೀಲರಿಗೆ ಕೊಟ್ಟ ಫೀಸು ಪೂರ್ತಿ ವ್ಯರ್ಥವಾಗಿಲ್ಲ. ಆಮೇಲೆ ಏನು ಹೊಳೆಯಿತೋ, ಅಲ್ಲೇ ನಿಂತು ಊರಿಗೆ ಫೋನು ಹಚ್ಚಿ, ‘ಮೇಲಿನ ಹೊಲದಲ್ಲಿ ಶಾಲೆಗೆ ಹೋಗುವ ಹುಡುಗರು ಯಾವಾಗಿನಿಂದ ಅಡ್ಡ ಹಾಯುತ್ತಿದ್ದಾರೆ, ವಿಚಾರಿಸು’ ಎಂದು ಮಗನಿಗೆ ಅಪ್ಪಣೆ ಮಾಡಿದರು.

ಎರಡು ಪಟ್ಟಿಗಳ ನಡುವೆ ನಿಂತು ಅವರು ಪಾದದಿಂದ ಅಗಲ ಅಳೆಯುತ್ತಿದ್ದಾಗ ನಾಯಿಯೊಂದಿಗೆ ಊರಿನ ಹಿರಿಯರೊಬ್ಬರು ಬಂದರು. ಮಫ್ಲರ್ ಸುತ್ತಿಕೊಂಡ ಅಪರಿಚಿತರು ಹೊಲ ಅಳೆಯುವುದನ್ನು ಕಂಡು ಗಾಬರಿಯಾಗಬೇಕಿತ್ತು. ಬದಲಿಗೆ ಅವರು ಖುಷಿಪಟ್ಟರು. ನಡುವೆ ನಾನು ದುಭಾಷಿ.

ಪಕ್ಕದವನು ಒತ್ತುವರಿ ಮಾಡಿದರೆ ಏನು ಮಾಡುತ್ತೀರಿ ಎಂಬುದು ಚಿಕ್ಕಪ್ಪನವರ ಮೊದಲ ಪ್ರಶ್ನೆ. ಹಿರಿಯರು ಹೇಳಿದ ವ್ಯವಸ್ಥೆ ಹೀಗಿದೆ. ಊರಿಗೆ ಒಂದು ಜ್ಯೂರಿ. ಸದಸ್ಯರೆಲ್ಲ ರೈತರೇ. ನವೆಂಬರ್ ಕೊನೆಯ ಹೊತ್ತಿಗೆ ಗೋಧಿ ಬಿತ್ತಿದ ಬಯಲಿಗೆ ಎಲ್ಲರೂ ಟ್ರೇಲರ್ ಹತ್ತಿ ಹೋಗುತ್ತಾರೆ. ಪಟ್ಟಿಗಳ ಗಡಿ ನೋಡಿ ಗೂಟ ಹೊಡೆಯುತ್ತಾರೆ. ಯಾರಾದರೂ ಪಕ್ಕದ ಪಟ್ಟಿಯನ್ನೋ ದಾರಿಯನ್ನೋ ಉಳಲೇಬಾರದ ಹುಲ್ಲುಗಾವಲನ್ನೋ ಒಂದಿಷ್ಟು ಉತ್ತು ಒಳಗೆ ಸೇರಿಸಿಕೊಂಡಿದ್ದರೆ ಬರೆದುಕೊಳ್ಳುತ್ತಾರೆ. ಆಮೇಲೆ ಎಲ್ಲರಿಗೂ ಪಬ್ಬಿನಲ್ಲಿ ಊಟ. ಮುಂದಿನ ವಾರ ಅದೇ ಪಬ್ಬಿನಲ್ಲಿ ಕೋರ್ಟ್ ಲೀಟ್ ಎಂಬ ನ್ಯಾಯಾಲಯ ಸೇರುತ್ತದೆ, ದಂಡ ವಿಧಿಸುತ್ತದೆ, ಮರುವರ್ಷದ ಜ್ಯೂರಿಗೆ ಪ್ರಮಾಣವಚನ ಬೋಧಿಸುತ್ತದೆ. 1977ರಲ್ಲಿ ಪಾರ್ಲಿಮೆಂಟು ಇಂಥ ಪುರಾತನ ಕೋರ್ಟುಗಳ ಅಧಿಕಾರವನ್ನು ರದ್ದು ಮಾಡಿದಾಗಲೂ ಲ್ಯಾಕ್ಸ್‌ಟನ್ನಿನದನ್ನು ಮುಟ್ಟದೆ ಬಿಟ್ಟಿತು.

‘ಕೇಸು ಎಷ್ಟು ವರ್ಷ ನಡೆಯುತ್ತದೆ?’

‘ಒಂದು ವಾರ.’

ಚಿಕ್ಕಪ್ಪ ನನ್ನನ್ನು ಸಂಶಯದಿಂದ ನೋಡಿದರು. ಭಾಷಾಂತರ ಸರಿ ಇದೆಯೇ ಎಂಬ ನೋಟ.

‘ದಂಡ ಕಟ್ಟದೆ ಹೋದರೆ?’

ಹಿರಿಯರು ಇಂಥದ್ದನ್ನು ಎಂದೂ ಯೋಚಿಸಿರಲಿಲ್ಲವೆಂದು ತೋರಿತು. ‘ಕಟ್ಟದಿದ್ದರೆ ಶನಿವಾರ ಅವರೆದುರೇ ಕೂತು ಬಿಯರ್ ಕುಡಿಯಬೇಕಲ್ಲ’ ಎಂದರು. ದಂಡದ ಮೊತ್ತ ಚಿಲ್ಲರೆಯದೇ. ನಾಚಿಕೆಯದು ದೊಡ್ಡ ನೋಟು.

ಚಿಕ್ಕಪ್ಪ ನಿಟ್ಟುಸಿರು ಬಿಟ್ಟು, ‘ನಮ್ಮ ಕೇಸುಗಳೂ ಬಾರಿನಲ್ಲೇ ತೀರ್ಮಾನ ಆಗುವುದು. ಬಿಲ್ಲು ಮಾತ್ರ ಕಕ್ಷಿದಾರನದು’ ಎಂದರು. ಇದನ್ನು ನಾನು ಅನುವಾದಿಸಲಿಲ್ಲ. ಆದರೂ ಹಿರಿಯರು ನಕ್ಕರು. ನಮ್ಮವರ ಹೊಲದ ಕಥೆಯನ್ನು ಕೇಳಿ ತಿಳಿದುಕೊಂಡರು. ಪಕ್ಕದವರು ಸಾಲು ಸರಿಸುವುದು ಯಾವ ತಿಂಗಳಲ್ಲಿ, ಎಡದ ಕಡೆಯಿಂದಲೋ ಬಲದ ಕಡೆಯಿಂದಲೋ ಎಂದೆಲ್ಲ ಕೇಳಿದರು. ಅಷ್ಟು ಕಾಳಜಿಯಿಂದ ಆ ಪ್ರಕರಣವನ್ನು ಚಿಕ್ಕಪ್ಪನವರ ವಕೀಲರೂ ಕೇಳಿರಲಿಕ್ಕಿಲ್ಲ. ಲ್ಯಾಕ್ಸ್‌ಟನ್ನಿನ ಜಮೀನಿನ ಒಡೆತನವೂ ಸುತ್ತಾಡಿ ಬಂದ ಕಥೆಯನ್ನು ಅವರು ಹೇಳಿದರು. ಮ್ಯಾನ್ವರ್ಸ್ ಮನೆತನದಿಂದ 1952ರಲ್ಲಿ ಕೃಷಿ ಸಚಿವಾಲಯಕ್ಕೆ, 1981ರಲ್ಲಿ ರಾಜಪೀಠದ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟಿಗೆ, 2020ರಲ್ಲಿ ಮತ್ತೆ ಅದೇ ಮನೆತನದ ಪರಂಪರೆಯ ಥೋರ್ಸ್‌ಬಿ ಎಸ್ಟೇಟಿಗೆ. ‘ಖಾತೆ ಬದಲಾವಣೆಗೆ ಎಷ್ಟು ಓಡಾಡಿದರೋ ಪಾಪ’ ಎಂದರು ಚಿಕ್ಕಪ್ಪ.

ಊರಿಗೆ ಹಿಂದಿರುಗಿದ ಮೇಲೆ ಅವರು ಸುಮ್ಮನೆ ಕೂರಲಿಲ್ಲ. ದೀಪಾವಳಿಯ ಹೊತ್ತಿಗೆ ಫೋನು ಬಂತು. ಪಕ್ಕದ ಹೊಲದವರ ಮನೆಗೆ ತಾವೇ ಹೋಗಿ ಜ್ಯೂರಿಯ ವಿಷಯ ಪ್ರಸ್ತಾಪಿಸಿದ್ದಾರೆ. ಆಶ್ಚರ್ಯವೆಂದರೆ ಅವರು ಒಪ್ಪಿದ್ದಾರೆ. ತೊಡಕು ಬಂದದ್ದು ಹನ್ನೆರಡು ಜನರನ್ನು ಹುಡುಕುವಲ್ಲಿ. ಊರಿನಲ್ಲಿ ಇಬ್ಬರಲ್ಲಿ ಯಾರಿಗೂ ನೆಂಟನಲ್ಲದ, ಯಾರ ಬಳಿಯೂ ಸಾಲ ಮಾಡದ, ಹಿಂದಿನ ಪಂಚಾಯಿತಿ ಚುನಾವಣೆಯಲ್ಲಿ ಯಾರ ಪರವೂ ಓಡಾಡದ ಮನುಷ್ಯರು ಬೇಕಲ್ಲ. ಕೊನೆಗೆ ಸಿಕ್ಕವರು ಇಬ್ಬರು: ಹೊಸದಾಗಿ ವರ್ಗವಾಗಿ ಬಂದ ಶಾಲೆಯ ಮೇಷ್ಟರು, ಮತ್ತು ಕಿವಿ ಕೇಳದ ಒಬ್ಬ ಅಜ್ಜ.

‘ಹಾಗಾದರೆ ಕೈಬಿಟ್ಟಿರಾ ಚಿಕ್ಕಪ್ಪ?’

‘ಕೈಬಿಡುವುದು ಯಾಕಮ್ಮಾ? ಊಟದ ದಿನ ಗೊತ್ತು ಮಾಡಿದ್ದೇವೆ. ಅವನು ಬಾಡೂಟ ಎನ್ನುತ್ತಾನೆ, ಮೇಷ್ಟರು ತಿನ್ನುವುದಿಲ್ಲವಂತೆ. ಮೊದಲು ಅದು ಇತ್ಯರ್ಥವಾಗಲಿ.’